ಕಾವಿ ಹತ್ತಿದ ಬಿಳಿ ಜುಬ್ಬಾ

ಆಗ ನನಗೆ ನಲವತ್ತಾರು ವರ್ಷ. ಇದು ನಡೆದು ಇಪ್ಪತ್ತಾರು ವರ್ಷವಾಯಿತು. 1999ರ ಶ್ರಾವಣ. ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಿನ ಒಂದು ಊರಿನಲ್ಲಿ ನಾನು ಮಠದ ಬಟ್ಟೆ ಒಗೆಯುತ್ತಿದ್ದೆ. ಊರಿನ ಹೆಸರು, ಮಠದ ಹೆಸರು ಹೇಳುವುದಿಲ್ಲ. ಬದುಕಿರುವವರಿದ್ದಾರೆ. ಜನರ ಹೆಸರನ್ನೂ ಬದಲಿಸಿದ್ದೇನೆ, ನನ್ನದೊಂದನ್ನು ಬಿಟ್ಟು. ನಾನು ಹುಲಿಗೆವ್ವ.

ನನ್ನ ಗಂಡನ ಅಜ್ಜಿಯ ಕಾಲದಿಂದ ಮಠದ ಬಟ್ಟೆ ನಮ್ಮ ಮನೆಗೇ ಬರುತ್ತಿತ್ತು. ಗಂಡ ಸತ್ತ ಮೇಲೆ ನಾನೊಬ್ಬಳೇ ಒಗೆದೆ. ಸಾಕ್ಷರತೆ ಶಾಲೆಯಲ್ಲಿ ಸಹಿ ಹಾಕುವುದು, ಬಸ್ಸಿನ ಬೋರ್ಡು ಓದುವುದು ಕಲಿತಿದ್ದೆ, ಅಷ್ಟೆ. ಬಟ್ಟೆ ಓದುವುದನ್ನು ಮಾತ್ರ ಯಾರೂ ಕಲಿಸಲಿಲ್ಲ, ತಾನೇ ಬಂತು. ಯಾವ ಮನೆಯ ಸೊಸೆ ಬಸಿರಾದಳು, ಯಾರು ಕುಡಿಯುವುದಕ್ಕೆ ಶುರು ಮಾಡಿದರು ಎನ್ನುವುದೆಲ್ಲ ಗಂಟು ಬಿಚ್ಚಿದರೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹಳ್ಳದಲ್ಲೇ ಬಿಟ್ಟು ಬರಬೇಕು. ಅದು ನಮ್ಮ ಕಸುಬಿನ ಮೊದಲ ಪಾಠ.

ಮಠದ ಬಟ್ಟೆಗೆ ಕಟ್ಟುಪಾಡು ಇತ್ತು. ಸ್ವಾಮಿಗಳ ಕಾವಿ ಬಟ್ಟೆಯನ್ನು ಸಂಸಾರಸ್ಥರ ಬಟ್ಟೆಯ ಜೊತೆ ನೆನೆಹಾಕಬಾರದು, ಕಟ್ಟಬಾರದು, ಒಂದೇ ಹಗ್ಗಕ್ಕೆ ಒಣಹಾಕಬಾರದು. ಹಳ್ಳದಲ್ಲಿ ಅದಕ್ಕೆಂದೇ ಒಂದು ಕಲ್ಲು ಬೇರೆ. ಅದನ್ನು ಮಠದ ಕಲ್ಲು ಎನ್ನುತ್ತಿದ್ದರು. ಮಿಕ್ಕ ಬಟ್ಟೆಗಳಿಗೆ ಗುರುತು ಹಾಕುತ್ತಿದ್ದೆ. ಕೇರು ಬೀಜಕ್ಕೆ ಸೂಜಿ ಚುಚ್ಚಿದರೆ ಕರಿ ರಸ ಬರುತ್ತದೆ, ಅದರಿಂದ ಬಟ್ಟೆಯ ಅಂಚಿಗೆ ಗೆರೆ, ಚುಕ್ಕೆ ಇಡುವುದು. ಅದು ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಗುರುತು, ಅವರವರ ಗುರುತು ಅವರಿಗೂ ಗೊತ್ತು.

ಆ ವರ್ಷ ಮಠದಲ್ಲಿ ಮೂವರು ಗಂಡಸರ ಕಥೆ ನಡೆಯುತ್ತಿತ್ತು. ಹಿರಿಯ ಸ್ವಾಮಿಗಳಿಗೆ ವಯಸ್ಸಾಗಿತ್ತು. ಅವರ ನಂತರ ಪಟ್ಟಕ್ಕೆ ಕೂರಿಸಲು ಒಬ್ಬ ಹುಡುಗನನ್ನು ತಂದು ಓದಿಸಿದ್ದರು. ಮೊದಲನೆಯವರು ಅವರು, ಮರಿದೇವರು ಎನ್ನುತ್ತಿದ್ದೆವು. ಇಪ್ಪತ್ತಮೂರು ವರ್ಷ, ತೆಳ್ಳಗಿನ ಮೈ, ಮಾತು ಕಡಿಮೆ. ಎರಡನೆಯವನು ಗುರುಬಸಯ್ಯ. ಮರಿದೇವರ ಜೊತೆ ಒಂದೇ ಪಾಠಶಾಲೆಯಲ್ಲಿ ಓದಿದವನು, ಅವರ ಸೇವೆಗೆಂದು ಜೊತೆಗೇ ಬಂದವನು. ಅವರ ಊಟ, ಸ್ನಾನದ ನೀರು, ಪಾದುಕೆ ಎಲ್ಲ ಇವನ ಕೈಯಲ್ಲೇ. ಅವರ ಬಟ್ಟೆಗೆ ಕಾವಿ ಮಣ್ಣು ಕಲಸಿ ಬಣ್ಣ ಹಾಕುವುದೂ ಇವನೇ. ಬೇರೆಯವರು ಬಣ್ಣದ ಬೋಗುಣಿ ಮುಟ್ಟಿದರೆ ಬೈಯುತ್ತಿದ್ದ. ಮೂರನೆಯವನು ಪೇಟಿ ಮಾಸ್ತರ ಈರಣ್ಣ. ಹಂಪಸಾಗರದ ಕಡೆಯವನು, ಶ್ರಾವಣದ ಪುರಾಣಕ್ಕೆ ಹಾರ್ಮೋನಿಯಂ ಬಾರಿಸಲು ಬಂದವನು ಹಿಂದಿನ ವರ್ಷದಿಂದ ಮಠದಲ್ಲೇ ಉಳಿದಿದ್ದ. ಮಠದ ಕಮಿಟಿಯವರು ಪುರಾಣಕ್ಕೆಂದು ಗುರುಬಸಯ್ಯನಿಗೂ ಈರಣ್ಣನಿಗೂ ಒಂದೇ ಥಾನಿನ ಬಿಳಿ ಜುಬ್ಬಾ ಹೊಲಿಸಿಕೊಟ್ಟಿದ್ದರು.

ಶ್ರಾವಣ ಶುರುವಾಗಿ ವಾರವಾಗಿತ್ತು. ಮಾಸ್ತರನ ಜುಬ್ಬಾದ ಎದೆಗೆ, ಬಲ ಭುಜಕ್ಕೆ, ಬೆನ್ನಿಗೆ ಅಡ್ಡಲಾಗಿ ಕಾವಿ ಹತ್ತಿತ್ತು. ಹಿರಿಯ ಸ್ವಾಮಿಗಳ ಕಾವಿ ಹಳೆಯದು, ಬಣ್ಣ ಬಿಡುವುದಿಲ್ಲ. ಹೊಸ ಕಾವಿ ಉಡುತ್ತಿದ್ದವರು ಮರಿದೇವರೊಬ್ಬರೇ. ಕಾವಿ ಎಂದರೆ ಮಣ್ಣು. ನೀರಲ್ಲಿ ನೆನೆದು ಹತ್ತಿದರೆ ನೂಲಿನೊಳಗೆ ಇಳಿದು ಒಳಗೂ ಹೊರಗೂ ಕಾಣುತ್ತದೆ. ಬೆವರಿದ ಮೈ ಒತ್ತಿ ಹತ್ತಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಇದು ಒತ್ತಿದ್ದು. ಬೆನ್ನ ಮೇಲಿನದು ಒಂದು ತೋಳಿನಗಲ ಇತ್ತು.

ಅದಕ್ಕೂ ಮೊದಲೇ ಒಂದು ಮಧ್ಯಾಹ್ನ ಬಟ್ಟೆ ಕೊಡಲು ಹೋದಾಗ ಕಣಜದ ಕೋಣೆಯ ಹಿಂದೆ ಅವರಿಬ್ಬರೂ ಕೂತಿದ್ದನ್ನು ನೋಡಿದ್ದೆ. ಮರಿದೇವರ ತಲೆ ಮಾಸ್ತರನ ಹೆಗಲ ಮೇಲಿತ್ತು. ನನ್ನ ಗಂಡ ಇಪ್ಪತ್ತು ವರ್ಷದಲ್ಲಿ ನನ್ನ ಹತ್ತಿರ ಒಂದು ದಿನವೂ ಹಾಗೆ ಕೂತವನಲ್ಲ. ಅದಕ್ಕೇ ಅದು ಏನೆಂದು ಗೊತ್ತಾಯಿತು. ಊರಲ್ಲಿ ಅದಕ್ಕೆ ಇದ್ದದ್ದು ಬೈಗುಳದ ಮಾತುಗಳು ಮಾತ್ರ. ನಾನು ಗಂಟು ಹೊಸ್ತಿಲಲ್ಲಿಟ್ಟು ತಿರುಗಿ ಬಂದೆ.

ಮರುವಾರ ಮಾಸ್ತರ ಹಳ್ಳಕ್ಕೆ ಬಂದ. ಯಾವಾಗಲೂ ತಮಾಷೆ ಮಾಡುತ್ತಿದ್ದ.

"ಏನ್ ಹುಲಿಗೆವ್ವ, ಕೊಟ್ಟಾಗ ಅಂಗಿಗೆ ಐದು ಗುಂಡಿ ಇದ್ವು. ಈಗ ಮೂರದಾವ. ಎರಡು ಮೀನಿಗೆ ಹಾಕಿದೇನು?"

"ನಿನ್ನ ಪೇಟಿ ಒತ್ತಿದಂಗ ಮೆತ್ತಗ ಒತ್ತಿದ್ರ ಕೊಳಿ ಹೋಗ್ತೈತೇನಪಾ? ಬಡೀಬೇಕು."

ಅವನು ನಕ್ಕ. ನಾನು ಜುಬ್ಬಾ ಎತ್ತಿ ತೋರಿಸಿದೆ.

"ಮಾಸ್ತರ, ಹೊಸ ಕಾವಿ ಬಣ್ಣ ಬಿಡ್ತೈತಿ. ಬೆವತ್ರ ಇನ್ನಾ ಬಿಡ್ತೈತಿ. ಬಿಳಿ ಹಾಕ್ಕೊಂಡು ಅದರ ಸನೇಕ ಹೋಗಬ್ಯಾಡ."

ಅವನ ನಗು ನಿಂತಿತು. "ತೊಳದ್ರ ಹೋಗಂಗಿಲ್ಲೇನು?"

"ಹೋಗ್ತೈತಿ. ಬಾಯಿ ಮುಚ್ಕೊಂಡು ತೊಳಿಯೋಳು ಸಿಗಬೇಕು."

ಬಾಯಿ ಮುಚ್ಚಿಕೊಂಡೇ ತೊಳೆದೆ. ತಪ್ಪು ಮಾಡಿದ್ದು ನನ್ನ ಕಣ್ಣು. ಹತ್ತಿರದ್ದು ಮಂಜಾಗುವ ವಯಸ್ಸು ಅದು, ಕನ್ನಡಕ ಹಾಕಿದರೆ ಜನ ನಗುತ್ತಾರೆಂದು ಹಾಕಿರಲಿಲ್ಲ. ಶ್ರಾವಣದ ಕೊನೆಯ ಗುರುವಾರ. ಮಾಸ್ತರನ ಜುಬ್ಬಾಕ್ಕೆ ಮತ್ತೆ ಕಾವಿ ಹತ್ತಿತ್ತು. ಒಂದು ಒಗೆತಕ್ಕೆ ಹೋಗಲಿಲ್ಲ. ಉಬ್ಬೆಗೆ ಹಾಕಿ ಕುದಿಸೋಣ ಎಂದು ಕಲೆ ಒಳಗಾಗುವಂತೆ ಮಡಚಿ ಪಕ್ಕಕ್ಕಿಟ್ಟೆ. ಗುರುಬಸಯ್ಯನ ಜುಬ್ಬಾನೂ ಪಕ್ಕದಲ್ಲೇ ಇತ್ತು. ಮಾಸ್ತರನ ಗುರುತು ಎರಡು ಗೆರೆ ಒಂದು ಚುಕ್ಕೆ. ಗುರುಬಸಯ್ಯನದು ಎರಡು ಚುಕ್ಕೆ ಒಂದು ಗೆರೆ. ಪೂಜೆಗೆ ಮೊದಲು ಗಂಟು ಮುಟ್ಟಿಸಬೇಕೆಂಬ ಅವಸರ. ಗುರುಬಸಯ್ಯನ ಗಂಟಿಗೆ ಮಾಸ್ತರನ ಜುಬ್ಬಾ ಹೋಯಿತು.

ಗುರುಬಸಯ್ಯ ಅದೇ ಮಧ್ಯಾಹ್ನ ನನ್ನ ಮನೆ ಬಾಗಿಲಿಗೆ ಬಂದ. ಮಠದವರು ನಮ್ಮ ಓಣಿಗೆ ಬರುವವರಲ್ಲ. ಜುಬ್ಬಾ ಕೈಯಲ್ಲಿತ್ತು.

"ಇದು ಯಾರದು?"

"ನಿಮ್ಮ ಗಂಟಿನಾಗ ಬಂದಿದ್ದು ನಿಮ್ಮದಾ ಇರಬೇಕು."

"ನನ್ನ ಗುರುತು ನನಗ ಗೊತ್ತಿಲ್ಲೇನು? ಇದು ಆ ಪೇಟಿಯವಂದು. ಈ ಬಣ್ಣ ನನ್ನ ಕೈಯಾರೆ ಹಾಕಿದ್ದು. ಮೂರು ದಿನ ಮಣ್ಣು ಸೋಸಿ, ನೆಳ್ಳಾಗ ಒಣಗಿಸಿ ಹಾಕಿದ್ದು. ಅದು ಹೋಗಿ ಅವನ ಎದಿಗೆ ಹತ್ತೇತಿ!"

ಅವನ ಮುಖ ನೋಡಿದೆ. ಮಠದ ಮರ್ಯಾದೆ ಹೋಯಿತೆಂದು ಸಿಟ್ಟಾದವನ ಮುಖ ಹಾಗಿರುವುದಿಲ್ಲ. ನನ್ನ ಓಣಿಯಲ್ಲಿ ಗಂಡ ಬಿಟ್ಟುಹೋದ ಹೆಂಗಸರ ಮುಖ ಹಾಗಿರುತ್ತದೆ.

"ಹತ್ತು ವರ್ಷ," ಎಂದ. "ಹತ್ತು ವರ್ಷ ಅವನ ತಲಿಗೆ ನಾ ಎಣ್ಣಿ ಹಚ್ಚೀನಿ. ಜ್ವರ ಬಂದಾಗ ಕಾಲು ಒತ್ತೀನಿ. ಒಂದು ದಿನ ನನ್ನ ಮಖ ಎತ್ತಿ ನೋಡ್ಲಿಲ್ಲ." ಆಮೇಲೆ ಮರಿದೇವರ ಬಗ್ಗೆ ತಾನು ಏನು ಹೇಳಿದೆನೆಂದು ತನಗೇ ಕೇಳಿಸಿರಬೇಕು. ಬೆನ್ನು ನೆಟ್ಟಗೆ ಮಾಡಿದ. "ಇದು ಧರ್ಮದ ಮಾತು. ಸೋಮವಾರ ಸಭೆ ಕರಿತೀನಿ. ಇದು ಹೆಂಗ ಹತ್ತೇತಿ ಅಂಬೋದು ನೀನಾ ಹೇಳಬೇಕು. ಒಗಿಯೋಳ ಮಾತು ಎಲ್ಲಾರೂ ಒಪ್ತಾರ."

ಜುಬ್ಬಾ ತೆಗೆದುಕೊಂಡು ಹೋದ. ಸೋಮವಾರಕ್ಕೆ ನಾಲ್ಕು ದಿನವಿತ್ತು. ಸತ್ಯ ಹೇಳಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಹಿಟ್ಟಿನ ಗಿರಣಿಯಲ್ಲಿ ಕಮಿಟಿಯ ಕಡೆಯ ಇಬ್ಬರು ಹುಡುಗರು ನನಗೆ ಕೇಳುವಂತೆಯೇ ಮಾತಾಡಿದರು. "ಸೋಮವಾರ ಆದ ಮ್ಯಾಲೆ ಪೇಟಿ ಬಾರ್ಸಾಕ ಕೈ ಇರಬೇಕಲ್ಲಲೇ," ಎಂದು ಒಬ್ಬ. "ಕಾಲಿಲೆ ಬಾರಸ್ತಾನ ಬಿಡು," ಎಂದು ಇನ್ನೊಬ್ಬ. ಮಾಸ್ತರನ ಕೈ ಮುರಿಯುತ್ತಾರೆ. ಮರಿದೇವರನ್ನು ಮಠದಿಂದ ಹೊರಗೆ ಹಾಕುತ್ತಾರೆ, ಹೊರಗೆ ಹಾಕಿದ ಸ್ವಾಮಿಗೆ ಊರೂ ಇಲ್ಲ ಮನೆಯೂ ಇಲ್ಲ. ಹಾಗೆ ಹೊರಬಿದ್ದ ಇನ್ನೊಬ್ಬರು ಬಾವಿಗೆ ಬಿದ್ದ ಕಥೆಯನ್ನು ನನ್ನ ಅತ್ತೆ ಹೇಳುತ್ತಿದ್ದಳು. ಸತ್ಯ ಹೇಳದಿದ್ದರೆ? ಬಟ್ಟೆಗೆ ಕಾವಿ ಹತ್ತಿದ್ದು ಕಣ್ಣೆದುರೇ ಇದೆ. ಮೈಯಿಂದ ಹತ್ತಿಲ್ಲವೆಂದರೆ ನನ್ನ ಕೈಯಿಂದ ಹತ್ತಿದೆ ಎನ್ನಬೇಕು. ಹಾಗೆಂದರೆ ಕಟ್ಟುಪಾಡು ಮುರಿದವಳು ನಾನು.

ಶನಿವಾರ ಬೆಳಿಗ್ಗೆ ಮರಿದೇವರೇ ಹಳ್ಳಕ್ಕೆ ಬಂದರು. ಎರಡು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಊಟ ಬಿಟ್ಟಿದ್ದಾರೆ ಎಂದು ಅಡಿಗೆಯವಳು ಹೇಳಿದ್ದಳು.

"ಹುಲಿಗೆವ್ವ, ಸೋಮವಾರ ನಿನ್ನ ಕೇಳ್ತಾರ."

"ಕೇಳ್ತಾರ್ರಿ ಬುದ್ಧಿ."

"ನನ್ನ ಸಲುವಾಗಿ ಸುಳ್ಳು ಹೇಳಿ ನೀ ಪಾಪ ಕಟ್ಕೋಬ್ಯಾಡ. ಪಾಪ ಮಾಡಿದವ ನಾನು. ಜಪ ಮಾಡಿದೆ, ಉಪಾಸ ಮಾಡಿದೆ, ತಣ್ಣೀರಾಗ ನಿಂತೆ. ಹೋಗವಲ್ದು."

"ನನಗ ಪಾಪ ಪುಣ್ಯ ತಿಳ್ಯಂಗಿಲ್ರಿ. ಹೊಲಸು ಯಾವುದು, ಬಣ್ಣ ಯಾವುದು ಅಂಬೋದು ತಿಳಿತೈತಿ. ನಿಮ್ಮದು ಹೊಲಸಲ್ಲ."

ಅವರು ಬಂದ ದಾರಿಯಲ್ಲೇ ತಿರುಗಿ ಹೋದರು. ಆ ದಿನದಿಂದ ಮೌನ ಹಿಡಿದರು ಎಂದು ಆಮೇಲೆ ಕೇಳಿದೆ. ಮೌನ ಹಿಡಿದ ಸ್ವಾಮಿಯನ್ನು ಯಾರೂ ಪ್ರಶ್ನೆ ಕೇಳುವಂತಿಲ್ಲ. ಅದು ಅವರಿಗೆ ಒಳ್ಳೆಯದಾಯಿತು, ಉಳಿದವರಿಗೆ ಆಗಲಿಲ್ಲ.

ಸೋಮವಾರ ಪೂಜೆಯಾದ ಮೇಲೆ ಸಭೆ. ಹಿರಿಯ ಸ್ವಾಮಿಗಳು ಗದ್ದುಗೆಯ ಮೇಲೆ, ಪಕ್ಕದಲ್ಲಿ ಮರಿದೇವರು. ಕಮಿಟಿಯ ಅಧ್ಯಕ್ಷರು ಹರಪನಹಳ್ಳಿಯಿಂದ ಬಂದಿದ್ದರು, ಮೆಕ್ಕೆಜೋಳದ ವ್ಯಾಪಾರಸ್ಥರು. ಐದು ಜನ ಹಿರಿಯರು. ಮಾಸ್ತರ ಕಂಬದ ಹತ್ತಿರ ನಿಂತಿದ್ದ. ನಾನು ಹೊಸ್ತಿಲಾಚೆ. ಜುಬ್ಬಾವನ್ನು ನಡುವೆ ಹಾಸಿದ್ದರು.

ಅಧ್ಯಕ್ಷರು ಮೊದಲು ಮಾಸ್ತರನನ್ನು ಕೇಳಿದರು. ಪುರಾಣದಲ್ಲಿ ಹಾಳೆ ತಿರುವಲು ಪಕ್ಕದಲ್ಲಿ ಕೂರುತ್ತೇನೆ, ತಾಗಿರಬಹುದು ಎಂದ. ಹಿರಿಯನೊಬ್ಬ ನಕ್ಕ. "ಬೆನ್ನಿಲೆ ಹಾಳಿ ತಿರುವ್ತೀಯೇನಪ ತಮ್ಮಾ?"

ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನಮ್ಮ, ನೀನು ಮೂರು ತಲೆಮಾರಿನ ಕೈ. ನೀನು ಹೇಳು. ಇದು ಹೆಂಗೆ ಹತ್ತೈತಿ?"

ನಾನು ಹೇಳಿದೆ. "ನಂದಾ ತಪ್ಪು. ಕಾವಿ ಜೋಡಿ ಬಂತು."

ಸಭೆ ಗದ್ದಲವಾಯಿತು. ಗುರುಬಸಯ್ಯ ಎದ್ದು ನಿಂತ. "ಸುಳ್ಳು! ಜೋಡಿ ನೆನದಿದ್ರ ಒಳಗೂ ಹತ್ತಬೇಕು. ತಿರುವಿ ನೋಡ್ರಿ!" ಅವನೇ ಜುಬ್ಬಾ ತಿರುವಿದ. ಒಳಗೆ ಬಿಳಿ. ಅವನು ಕಾವಿಯ ಮಣ್ಣು ಸೋಸಿದವನು, ಅವನಿಗೆ ಗೊತ್ತು ಎಂಬುದನ್ನು ನಾನು ಮರೆತಿದ್ದೆ.

ಮಾಸ್ತರ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ, ಚಳಿಯಾದವರ ಹಾಗೆ. ಆ ಕೈ ನೋಡಿ ನನಗೆ ಮಾತು ಬಂತು.

"ನೆನಿಹಾಕಿದ್ದೆ ಅಂತ ನಾ ಎಲ್ಲಿ ಅಂದೆ? ಒಗೆದ ಜುಬ್ಬಾ ಮಡಚಿ, ಹಸಿ ಕಾವಿಯಾಗ ಸುತ್ತಿ ಗಂಟು ಕಟ್ಟಿದ್ದೆ. ಸುತ್ತಾಕ ಬೇರೆ ಅರಿವಿ ಇರಲಿಲ್ಲ. ಮಡಚಿದ್ದಕ್ಕ ಹೊರಗ ಹತ್ತೇತಿ, ಒಳಗ ಹತ್ತಿಲ್ಲ."

"ಮಾಡಿ ತೋರಿಸ್ಲಿ," ಎಂದ ಗುರುಬಸಯ್ಯ.

"ತೋರಿಸು," ಎಂದರು ಅಧ್ಯಕ್ಷರು.

ಒಂದು ಬಿಳಿ ಅಂಗಿ ತಂದರು. ಗುರುಬಸಯ್ಯ ಹೊಸದಾಗಿ ಬಣ್ಣ ಹಾಕಿಟ್ಟಿದ್ದ ಒಂದು ಕಾವಿ ಪಂಚೆ ತಂದರು. ನಾನು ಅಂಗಿ ತೋಯಿಸಿ ಹಿಂಡಿ, ನಮ್ಮ ರೀತಿಯಲ್ಲಿ, ತೋಳು ಹಿಂದೆ ಹಾಕಿ ಎದೆ ಮೇಲೆ ಬರುವಂತೆ ಮಡಚಿದೆ. ಹಸಿ ಕಾವಿಯಲ್ಲಿ ಸುತ್ತಿದೆ. ಹೊರೆಯಲ್ಲಿ ಭಾರ ಬಿದ್ದಿತ್ತು ಎಂದೆ, ಮೇಲೆ ರುಬ್ಬುವ ಗುಂಡು ಇಟ್ಟರು. ಕಾಯಬೇಕು ಎಂದೆ.

ಕಾದೆವು. ನಾನು ಅಂಥದ್ದನ್ನು ಜೀವನದಲ್ಲಿ ಮಾಡಿರಲಿಲ್ಲ. ಬಣ್ಣ ಹತ್ತುತ್ತದೋ, ಹತ್ತಿದರೆ ಒಳಗೂ ಇಳಿಯುತ್ತದೋ, ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಲೆ ಹೋಗಲಿ ಎಂದು ಬೇಡಿಕೊಂಡವಳು, ಆ ಒಂದು ಹೊತ್ತು ಹತ್ತಲಿ ಎಂದು ದೇವಿ ಹುಲಿಗೆಮ್ಮನಿಗೆ ಬೇಡಿಕೊಂಡೆ. ಮರಿದೇವರು ಕಣ್ಣು ಮುಚ್ಚಿದ್ದರು. ತುಟಿ ಅಲ್ಲಾಡುತ್ತಿತ್ತು. ಹಿರಿಯ ಸ್ವಾಮಿಗಳು ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಬಿಚ್ಚಿದೆ. ಎದೆಗೆ ಹತ್ತಿತ್ತು, ಭುಜಕ್ಕೆ ಹತ್ತಿತ್ತು, ಬೆನ್ನಿಗೂ ಹತ್ತಿತ್ತು. ತಿರುವಿದೆ. ಒಳಗೆ ಅಲ್ಲಲ್ಲಿ ಸ್ವಲ್ಪ ಇಳಿದಿತ್ತು, ಆದರೆ ಬಹುಪಾಲು ಬಿಳಿ. ಒಗೆಯುವ ಹೆಂಗಸು ನೋಡಿದ್ದರೆ ಎರಡೂ ಬೇರೆ ಬೇರೆ ಎಂದು ತಟ್ಟನೆ ಹೇಳುತ್ತಿದ್ದಳು. ಅಲ್ಲಿ ಒಗೆಯುವ ಹೆಂಗಸು ನಾನೊಬ್ಬಳೇ ಇದ್ದೆ.

"ಆತು," ಎಂದರು ಅಧ್ಯಕ್ಷರು. ಅವರಿಗೂ ಅದು ಹಾಗೇ ಮುಗಿಯಬೇಕಿತ್ತು. ದೀಪಾವಳಿ ಕಳೆದ ಮೇಲೆ ಪಟ್ಟ ಎಂದು ಹತ್ತು ಊರಿಗೆ ಹೇಳಿ ಆಗಿತ್ತು. ಸಿಟ್ಟು ನನ್ನ ಮೇಲೆ ತಿರುಗಿತು. ಸ್ವಾಮಿಗಳ ಕಾವಿಯಲ್ಲಿ ಸಂಸಾರಸ್ಥರ ಅಂಗಿ ಸುತ್ತಿದವಳು! ಒಬ್ಬರು ಊರು ಬಿಡಿಸಿ ಎಂದರು. ಇನ್ನೊಬ್ಬರು ನನ್ನ ಅತ್ತೆಯನ್ನೂ ಸೇರಿಸಿ ಬೈದರು. ಆಗ ಮರಿದೇವರು ಮೌನ ಮುರಿದರು.

"ಆಕೆಯ ತಪ್ಪು ಕ್ಷಮಿಸ್ರಿ."

ಅಷ್ಟೇ. ನಾನು ಮಾಡದ ತಪ್ಪಿಗೆ ನನಗೆ ಕ್ಷಮೆ ಬೇಡಿದರು. ಕಂಬದ ಹತ್ತಿರ ನಿಂತವನ ಬಗ್ಗೆ ಒಂದು ಮಾತು ಆಡಲಿಲ್ಲ. ಮಾಸ್ತರ ಅವರನ್ನೇ ನೋಡುತ್ತಿದ್ದ. ಅವರು ನೆಲ ನೋಡಿದರು. ಅವರ ಮೇಲೆ ಸಿಟ್ಟಿಲ್ಲ ಎಂದು ಬಹಳ ವರ್ಷ ಹೇಳಿಕೊಂಡೆ. ಇತ್ತು. ಈಗ ಕಡಿಮೆಯಾಗಿದೆ. ಹತ್ತನೆಯ ವಯಸ್ಸಿಗೆ ತಂದು, ನಿನ್ನ ಮೈ ನಿನ್ನದಲ್ಲ ಎಂದು ದಿನಾ ಹೇಳಿ ಬೆಳೆಸಿದ ಹುಡುಗ ಅಷ್ಟು ಜನರ ನಡುವೆ ಇನ್ನೇನು ಮಾತಾಡಿಯಾನು?

ತೀರ್ಮಾನ ಹೀಗಾಯಿತು. ಮಠದ ಬಟ್ಟೆ ಇನ್ನು ಮುಂದೆ ನನಗೆ ಇಲ್ಲ. ಮೈಲಿಗೆಯಾದ ಆ ಜುಬ್ಬಾವನ್ನು ನಾನೇ ಹಳ್ಳದ ದಂಡೆಗೆ ಒಯ್ದು ಸುಡಬೇಕು. ಮಾಸ್ತರನ ಮೇಲೆ ತಪ್ಪೇನೂ ಇಲ್ಲ, ಆದರೆ ಪುರಾಣ ಮುಗಿಯಿತು, ನಾಳೆ ಮೊದಲ ಬಸ್ಸಿಗೆ ಊರಿಗೆ ಹೋಗಲಿ. ಅವನ ಕೈಯನ್ನು ಯಾರೂ ಮುಟ್ಟಲಿಲ್ಲ.

ಮೆಟ್ಟಿಲ ಹತ್ತಿರ ಗುರುಬಸಯ್ಯ ಅಡ್ಡ ಬಂದ. "ನೀ ಸುಳ್ಳು ಹೇಳಿದಿ."

"ಹೌದು."

"ಧರ್ಮಕ್ಕ ಸುಳ್ಳು ಹೇಳಿದಿ ನೀನು."

"ನೀನೂ ಹೇಳಿದಿ. ಹೊಟ್ಟಿ ಉರಿಗೆ ಧರ್ಮ ಅಂತ ಹೆಸರಿಟ್ಟಿ. ಅದೂ ಯಾರ ಮ್ಯಾಲಿನ ಆಸಿಗೆ? ನಾಳೆ ನಿನ್ನ ಅಂಗಿ ಹಾಸಿ ಇವರೆಲ್ಲ ಸುತ್ತ ಕುಂತ್ರ ಏನ್ ಹೇಳ್ತಿದ್ದಿ?"

ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಕಣ್ಣಲ್ಲಿ ನೀರು ಬಂತು. ನನಗೆ ಕನಿಕರ ಬರಲಿಲ್ಲ ಎಂದರೆ ನಂಬಿ. ಆಗ ಬರಲಿಲ್ಲ. ಅವನು ಮರುವರ್ಷವೇ ಮಠ ಬಿಟ್ಟ. ಮರಿದೇವರಿಗೆ ಪಟ್ಟವಾಯಿತು. ಈಗ ಅವರೇ ಹಿರಿಯ ಸ್ವಾಮಿಗಳು, ಒಳ್ಳೆಯ ಹೆಸರಿದೆ. ಪುರಾಣಕ್ಕೆ ಪೇಟಿ ಇಡಿಸುವುದಿಲ್ಲ, ಬರೀ ತಾಳ.

ಈ ಕಸುಬಿನಲ್ಲಿ ನಾನು ಕಲಿತದ್ದು ಇಷ್ಟು. ಬಟ್ಟೆಯಲ್ಲಿ ಕಂಡದ್ದು ಬಟ್ಟೆಯವರದು, ಒಗೆಯುವವಳದಲ್ಲ, ಊರಿನದಂತೂ ಅಲ್ಲವೇ ಅಲ್ಲ. ಸುಳ್ಳು ಹೇಳಿದೆನೆಂದು ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಗಂಟು ತಪ್ಪಿ ಕೊಟ್ಟಿದ್ದಕ್ಕೆ. ಕೆಲಸ ಹೋದದ್ದು ಅದಕ್ಕೆಂದೇ ತಿಳಿದುಕೊಂಡಿದ್ದೇನೆ, ಅದು ನ್ಯಾಯವೇ.

ಮರುದಿನ ಮಂಗಳವಾರ ಬೆಳಿಗ್ಗೆ ಎದ್ದು, ಜುಬ್ಬಾವನ್ನು ಸುಡಲಿಲ್ಲ, ತೊಳೆಯಲೂ ಇಲ್ಲ. ಇಸ್ತ್ರಿಗೆ ಕೆಂಡ ತುಂಬಿ ಗೆರೆ ಬರುವಂತೆ ಹಾಕಿದೆ. ಪೇಪರಿನಲ್ಲಿ ಸುತ್ತಿ ಬಸ್ಸು ನಿಲ್ಲುವ ಕಟ್ಟೆಗೆ ಹೋದೆ. ಮಾಸ್ತರ ಪೇಟಿಯ ಪೆಟ್ಟಿಗೆಯ ಮೇಲೆ ಕೂತಿದ್ದ. ಕಳಿಸಲು ಯಾರೂ ಬಂದಿರಲಿಲ್ಲ. ಕೊಟ್ಟೆ. ಅವನು ಪೇಪರು ಸ್ವಲ್ಪ ಸರಿಸಿ ನೋಡಿದ, ಮತ್ತೆ ಮುಚ್ಚಿದ.

"ಸುಡು ಅಂದಿದ್ರಲ್ಲವ್ವ."

"ಸುಡೋದು ನನ್ನ ಕಸಬಲ್ಲ. ನಿಂದು ನಿನಗ ಮುಟ್ಟಿಸೋದು ನನ್ನ ಕಸಬು."

ಬಸ್ಸು ಬಂತು. ಹೋದ. ನಾನು ಹಳ್ಳಕ್ಕೆ ಇಳಿದು, ಮಠದ ಕಲ್ಲು ಬಿಟ್ಟು ಅದರಾಚೆಯ ಕಲ್ಲಿನ ಮೇಲೆ ಊರಿನ ಬಟ್ಟೆ ಒಗೆದೆ. ದಾರಿಯಲ್ಲಿ ಹೋಗುತ್ತಿದ್ದ ಕಮಿಟಿಯವನೊಬ್ಬ ಸುಟ್ಟೆಯಾ ಎಂದು ಕೂಗಿ ಕೇಳಿದ. ಸುಟ್ಟೆ ಎಂದೆ.